ಖಾಸಿಂ ಸಾಬರ ಗಾಡಿ ಏರಿಹೋದ ರಾಕೆಟ್

ಕೊಟ್ಟೂರಿಗೆ ಬಂದು ಖಾಸಿಂ ಸಾಬರ ಮನೆ ಯಾವುದು ಎಂದು ಯಾರನ್ನು ಕೇಳಿದರೂ ತೋರಿಸುತ್ತಾರೆ. ತೋರಿಸಿ ಸುಮ್ಮನಿರುವುದಿಲ್ಲ, ತಾವೇ ಆ ರಾಕೆಟ್ಟನ್ನು ಹೆಗಲ ಮೇಲೆ ಹೊತ್ತವರ ಹಾಗೆ ಅರ್ಧ ಗಂಟೆ ಕಥೆ ಹೇಳುತ್ತಾರೆ. ಅದರಲ್ಲಿ ಮುಕ್ಕಾಲು ಪಾಲು ಸುಳ್ಳು. ಸಾಬರ ಗೋಡೆಗೆ ಹತ್ತಿದ ಮನೆ ನನ್ನದು. ನಾನು ನಾಗಲಿಂಗಮ್ಮ, ಬಟ್ಟೆ ಹೊಲಿಯುವವಳು. ಅವರ ಮನೆಯಲ್ಲಿ ಒಗ್ಗರಣೆ ಬಿದ್ದರೆ ನನಗೆ ಸೀನು ಬರುತ್ತದೆ, ಅಷ್ಟು ಹತ್ತಿರ. ನಡೆದದ್ದು ಏನೆಂದು ನನಗೆ ಗೊತ್ತು.

ಮೊನ್ನೆ ಪೇಪರಿನವನೊಬ್ಬ ಬಂದ. ಚಹಾ ಕುಡಿದ, ಫೋಟೋ ಹೊಡೆದುಕೊಂಡ, ಹೋಗಿ 'ಬಡ ಲಾರಿ ಚಾಲಕನ ಭಾಗ್ಯ' ಎಂದು ಬರೆದ. ಓದಿ ನನ್ನ ಮೈಯೆಲ್ಲ ಉರಿದುಹೋಯಿತು. ಯಾರಪ್ಪಾ ಬಡವ? ಯಾವುದಪ್ಪಾ ಲಾರಿ? ಲಾರಿ ಬೇರೆ, ಸಾಲುಗಟ್ಟಲೆ ಗಾಲಿಗಳಿರುವ ಉದ್ದನೆಯ ಟ್ರೇಲರ್ ಬೇರೆ. ಲಾರಿ ಓಡಿಸುವವರು ನಮ್ಮ ಓಣಿಗೆ ಹತ್ತು ಜನ ಸಿಗುತ್ತಾರೆ. ಆ ಟ್ರೇಲರ್ ಓಡಿಸುವವರನ್ನು ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಎಲ್ಲ ಜರಡಿ ಹಿಡಿದು ಹುಡುಕಿದರೂ ಸಿಗುವುದು ಕಷ್ಟ. ಇನ್ನು ಭಾಗ್ಯವಂತೆ ಭಾಗ್ಯ! ಆ ಮನುಷ್ಯ ಪಟ್ಟ ಪಾಡು ಅವನಿಗೇನು ಗೊತ್ತು? ಅದಕ್ಕೇ ಹೊಲಿಗೆ ಯಂತ್ರ ಬದಿಗಿಟ್ಟು ಬರೆಯಲು ಕುಳಿತಿದ್ದೇನೆ.

ಖಾಸಿಂ ಸಾಬರ ಅಪ್ಪ ಹತ್ತಿ ಹಿಂಜಿ ಹಾಸಿಗೆ ತುಂಬುತ್ತಿದ್ದರು. ಮಗನಿಗೆ ಕೂತು ಮಾಡುವ ಕೆಲಸ ಒಗ್ಗಲಿಲ್ಲ. ಮೀಸೆ ಮೂಡುವ ಮೊದಲೇ ಸಂಡೂರಿನ ಅದಿರು ಲಾರಿ ಹತ್ತಿ ಹೋದವರು, ಕ್ಲೀನರ್ ಆಗಿ, ಡ್ರೈವರ್ ಆಗಿ, ಆಮೇಲೆ ಮೆಕ್ಕೆಜೋಳ, ಶೇಂಗಾ ಲೋಡುಗಳನ್ನು ಹೊತ್ತು ದೇಶವೆಲ್ಲ ತಿರುಗಿದರು. ಅಷ್ಟರಲ್ಲಿ ನಮ್ಮ ಕಡೆಯ ಗುಡ್ಡಗಳ ಮೇಲೆಲ್ಲ ಗಾಳಿಯಂತ್ರಗಳು ಬಂದವು. ಅವುಗಳ ಒಂದೊಂದು ರೆಕ್ಕೆಯೂ ಇಡೀ ನಮ್ಮ ಓಣಿಯಷ್ಟು ಉದ್ದ. ಅದನ್ನು ಹೊತ್ತ ಟ್ರೇಲರನ್ನು ಹಳ್ಳಿಯ ತಿರುವುಗಳಲ್ಲಿ ಹೊರಳಿಸಿ ಗುಡ್ಡ ಹತ್ತಿಸುವುದಿದೆಯಲ್ಲ, ನೋಡಿದವರ ಎದೆ ಹೊಡೆದುಕೊಳ್ಳುತ್ತದೆ. ಸಾಬರು ಆ ಕೆಲಸ ಕಲಿತರು.

ಒಮ್ಮೆ ಹರಪನಹಳ್ಳಿ ತಾಲ್ಲೂಕಿನ ಒಂದು ಊರಲ್ಲಿ ತಿರುವಿಗೆ ಬೇವಿನ ಮರ ಅಡ್ಡ ಬಂತು. ಕಂಪನಿಯವರು ಗರಗಸ ತಂದರು. ಸಾಬರು ಕೆಳಗಿಳಿದು ಮರದ ಬುಡಕ್ಕೆ ಬೆನ್ನು ಕೊಟ್ಟು ನಿಂತು, "ಮರ ಕಡದ್ರ ನಾ ಗಾಡಿ ಮುಟ್ಟಂಗಿಲ್ಲ. ನನ್ನ ಕೈಲಿ ಆಗಂಗಿಲ್ಲ ಅಂತ ಮರಕ್ಯಾಕ ಶಿಕ್ಷಾ?" ಎಂದರಂತೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದು ಗೇಣು ಮುಂದೆ, ಒಂದು ಗೇಣು ಹಿಂದೆ ಮಾಡಿ, ಒಂದು ಟೊಂಗೆಯೂ ಮುರಿಯದೆ ದಾಟಿಸಿದರು. ಇದನ್ನು ಅವರು ನನಗೆ ಹೇಳಿದ್ದು ಒಂದು ಸಲವಲ್ಲ. ಜಂಬಕ್ಕೇನೂ ಕಡಿಮೆ ಇಲ್ಲ ಮನುಷ್ಯನಿಗೆ. ಮೀಸೆಗೆ ಬಣ್ಣ ಹಚ್ಚದೆ ಸ್ಟೇರಿಂಗ್ ಹಿಡಿದವರಲ್ಲ.

ಆ ಕೈಚಳಕದ ಸುದ್ದಿ ಎಲ್ಲೆಲ್ಲಿಗೋ ಮುಟ್ಟಿ, ಒಂದು ದಿನ ಹೈದರಾಬಾದ್ ಕಡೆಯಿಂದ ಫೋನ್ ಬಂತು. ಖಾಸಗಿಯವರು ಹೊಸದಾಗಿ ಶುರು ಮಾಡಿದ ರಾಕೆಟ್ ಕಂಪನಿ. ರಾಕೆಟ್ಟಿನ ಒಂದು ಭಾಗವನ್ನು ಕಾರ್ಖಾನೆಯಿಂದ ಆಂಧ್ರದ ಸಮುದ್ರದ ದಂಡೆಯ ಉಡಾವಣಾ ಕೇಂದ್ರಕ್ಕೆ ಮುಟ್ಟಿಸಬೇಕು. ಸಾಬರು ಫೋನ್ ಇಟ್ಟು ನಮ್ಮ ಗೋಡೆಯ ಆಚೆಯಿಂದಲೇ ಕೂಗಿದರು.

"ಏ ನಾಗಮ್ಮಾ! ಕೇಳಿಲ್ಲಿ, ನಾ ರಾಕೆಟ್ ಹೊಡ್ಯಾಕ ಹೊಂಟೀನಿ!"

"ಮೊದ್ಲು ನಿಮ್ಮ ಮನಿ ನಳ ಬಂದ್ ಮಾಡ್ರಿ ಸಾಬಣ್ಣ, ನೀರು ಓಣಿಗೆ ಹರ್ದೈತಿ" ಎಂದೆ ನಾನು. ನನಗೇನು ಗೊತ್ತಿತ್ತು, ನಿಜ ಹೇಳುತ್ತಿದ್ದಾರೆಂದು.

ಅವರು ಹೊರಟಾಗ ಅವರ ಹೆಂಡತಿ ರಹಿಮತ್ ಬೀ ಎಂದಿನಂತೆ ತೋಳಿಗೆ ಇಮಾಮ್ ಜಾಮಿನ್ ಕಟ್ಟಿದರು. ದೂರ ಹೋಗುವವರು ಕ್ಷೇಮವಾಗಿ ತಿರುಗಿ ಬರಲೆಂದು ಬಟ್ಟೆಯಲ್ಲಿ ನಾಣ್ಯ ಸುತ್ತಿ ಕಟ್ಟುವುದು ಅವರಲ್ಲಿ ರೂಢಿ. ಸಾಬರು ಮಾತ್ರ ನಗುತ್ತಿದ್ದರು. "ನನಗಲ್ಲ, ಆ ರಾಕೆಟ್ಟಿಗೆ ಕಟ್ಟಬೇಕು ಇದನ್ನ" ಎನ್ನುತ್ತಿದ್ದರು.

ಆ ರಾಕೆಟ್ಟಿಗೆ ಮೂರು ಹಂತ. ಒಂದರ ಮೇಲೊಂದು ಕೂರಿಸಿದ ಮೂರು ಕೊಳವೆ ಎಂದುಕೊಳ್ಳಿ. ಸಾಬರು ಹೊತ್ತದ್ದು ನಡುವಿನದು, ಎರಡನೆಯ ಹಂತ. ಒಳಗೆ ರಬ್ಬರಿನಂತೆ ಗಟ್ಟಿಯಾದ ಮದ್ದು ತುಂಬಿರುತ್ತದೆ. ಅದರಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಉರಿಯುವಾಗ ಎಡವಟ್ಟಾಗುತ್ತದೆ. ಹಾಗಾಗಿ ಗಾಡಿ ನಡೆಯುವ ಮನುಷ್ಯನಿಗಿಂತ ತುಸು ಬೇಗ ಹೋದರೆ ಹೆಚ್ಚು. ಹಗಲು ಮಾತ್ರ ಓಡಿಸಬೇಕು. ಮುಂದೊಂದು ಜೀಪು, ಹಿಂದೊಂದು ಜೀಪು, ಮೇಲೆ ಕರೆಂಟಿನ ತಂತಿ ಎತ್ತಲು ಬಿದಿರಿನ ಗಳ ಹಿಡಿದ ಜನ. ಲೋಡಿನ ಮೇಲೆ ಒಂದು ಪುಟ್ಟ ಯಂತ್ರ ಕೂರಿಸಿರುತ್ತಾರೆ. ಗಾಡಿ ಎಲ್ಲೆಲ್ಲಿ ಎಷ್ಟೆಷ್ಟು ಕುಲುಕಿತು ಎಂದು ಅದು ಗುರುತು ಮಾಡಿಕೊಳ್ಳುತ್ತಾ ಹೋಗುತ್ತದೆ.

ಮುಂದಿನ ಜೀಪಿನಲ್ಲಿ ಒಬ್ಬಳು ಹುಡುಗಿ ಎಂಜಿನಿಯರ್ ಇದ್ದಳು. ಸಾಬರ ಜೊತೆ ಹಿಂದಿಯಲ್ಲಿ ಮಾತಾಡುತ್ತಿದ್ದವಳು ಊಟಕ್ಕೆ ನಿಂತಾಗ ಫೋನಿನಲ್ಲಿ, "ಹೂಂ ಬೇ ಯವ್ವಾ, ಉಂಡೀನಿ. ರೊಟ್ಟಿ ಎಲ್ಲಿ ಸಿಗ್ತತಿ ಇಲ್ಲಿ?" ಎಂದಳಂತೆ. ಸಾಬರು ಕೈಯಲ್ಲಿದ್ದ ತುತ್ತು ಅಲ್ಲೇ ಬಿಟ್ಟರು.

"ಯಾವೂರವ್ವಾ ನಿಂದು?"

"ಹೊಳಲು ರೀ. ಹಡಗಲಿ ತಾಲ್ಲೂಕು."

"ಅಲಲಾ! ಕೊಟ್ಟೂರವ್ನು ಹೊಡಿಯೋ ಗಾಡಿಗಿ ಹೊಳಲಿನಾಕಿ ದಾರಿ ತೋರ್ಸಾಕತ್ಯಾಳ, ಇನ್ನ ರಾಕೆಟ್ ಏರದ ಏನು ಮಾಡ್ತತಿ?"

ಅವಳು ಗೀತಾಂಜಲಿ. ಅವತ್ತಿನಿಂದ ಅವಳಿಗೆ ಇವರು ಸಾಬಣ್ಣ, ಇವರಿಗೆ ಅವಳು ಅವ್ವ. ರಾಕೆಟ್ ಹೇಗೆ ಏರುತ್ತದೆ, ಏರಿ ಎಲ್ಲಿಗೆ ಹೋಗುತ್ತದೆ ಎನ್ನುವುದನ್ನೆಲ್ಲ ದಾರಿಯುದ್ದಕ್ಕೂ ಅವಳೇ ಬಿಡಿಸಿ ಬಿಡಿಸಿ ಹೇಳಿಕೊಟ್ಟಳು. ಸಾಬರು ಊರಿಗೆ ಬಂದವರೇ ನಮ್ಮ ಕಟ್ಟೆಯ ಮೇಲೆ ಶಾಲೆ ತೆರೆದರು. ಎದುರಿಗೆ ಕುರಿ ಕಾಯುವ ದೊಡ್ಡಬೀರಪ್ಪ, ಪಂಪ್‌ಸೆಟ್ ರಿಪೇರಿಯ ಜಂಬಯ್ಯ, ನಾನು.

"ಬೀರಪ್ಪಾ, ಜ್ವಾಳದ ಹೊಲದಾಗ ಕವಣಿ ಬೀಸ್ತೀಯಲ್ಲ, ಕಲ್ಲು ಎಲ್ಲಿ ಬೀಳ್ತತಿ?" ಎಂದು ಶುರು ಮಾಡಿದರು ಸಾಬರು.

"ಬದುವಿನ ಆಚೀಕ."

"ಇನ್ನಾ ಜೋರು ಬೀಸಿದ್ರ?"

"ಹಳ್ಳದ ಆಚೀಕ."

"ಇನ್ನಾ ಜೋರು? ಹಗರಿಬೊಮ್ಮನಹಳ್ಳಿ ದಾಟಿ, ಸಮುದ್ರ ದಾಟಿ ಹೋಗುವಷ್ಟು ಜೋರು ಬೀಸಿದ್ರ?"

"ನನ್ನ ರಟ್ಟಿ ಏನು ಕಬ್ಬಿಣದ್ದೇನ ಸಾಬ? ಎಷ್ಟ ಜೋರು ಬೀಸಿದ್ರೂ ಕಲ್ಲು ಬೀಳೋದ ಬಿಡು."

"ಬೀಳ್ತತಿ, ಯಾರ ಇಲ್ಲಂದ್ರು? ಆದ್ರ ಭೂಮಿ ದುಂಡಗೈತಿ ನೋಡು. ಕಲ್ಲು ಎಷ್ಟು ಕೆಳಗ ಇಳಿತತೋ, ಅಷ್ಟ ನೆಲಾನೂ ಬಾಗಿ ಕೆಳಗ ಸರಿತತಿ. ಬೀಳ್ತಾನ ಇರ್ತತಿ, ನೆಲ ಮಾತ್ರ ಸಿಗಂಗಿಲ್ಲ. ಒಂದು ಸುತ್ತು ಹಾಕ್ಕೊಂಡು ಬಂದು ನಿನ್ನ ಬೆನ್ನಿಗೇ ಬಡಿತತಿ!"

ದೊಡ್ಡಬೀರಪ್ಪ ನಿಜವಾಗಿಯೂ ಹಿಂದೆ ತಿರುಗಿ ನೋಡಿದ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು.

"ಅಷ್ಟ ಆದ್ರ ಅಡ್ಡಕ್ಕ ಬಿಡಬೇಕಪ್ಪ, ನೆಟ್ಟಗ ಯಾಕ ನಿಲ್ಲಿಸ್ತಾರ?" ಎಂದ ಜಂಬಯ್ಯ. ಅವನು ಯಾವುದನ್ನೂ ಸುಲಭಕ್ಕೆ ಒಪ್ಪುವವನಲ್ಲ.

"ಕೆಳಗ ಗಾಳಿ ದಟ್ಟ ಐತಿ ಮಾರಾಯ. ಅದ್ರಾಗ ಆ ವೇಗಕ್ಕ ಓಡಿದ್ರ ಸುಟ್ಟು ಬೂದಿ ಆಗ್ತತಿ. ಅದಕ್ಕ ಮೊದ್ಲು ಮ್ಯಾಲಕ್ಕ. ಹೋಕ್ಕೋತ ಹೋಕ್ಕೋತ ಸ್ವಲ್ಪ ಸ್ವಲ್ಪ ವಾಲ್ತತಿ. ಗಾಳಿ ತೆಳ್ಳಗಾದ ಮ್ಯಾಲ ಪೂರಾ ಅಡ್ಡ ಓಡೋದು. ಮ್ಯಾಲ ಹೋಗೋದು ಸಣ್ಣ ಕೆಲಸ, ಅಡ್ಡ ಓಡೋದ ದೊಡ್ಡ ಕೆಲಸ. ಎಂಥಾ ವೇಗ ಅಂತಿ? ನೀ ಇಲ್ಲಿ ಒಂದು ಸಲ ಆಕಳಿಸಿ ಬಾಯಿ ಮುಚ್ಚೋದ್ರಾಗ ಅದು ಕೂಡ್ಲಿಗಿ ದಾಟಿರ್ತತಿ."

"ತಳ್ಳೋರು ಯಾರು ಅದನ್ನ?" ಎಂದೆ ನಾನು.

"ಬಲೂನಿನ ಬಾಯಿ ಬಿಟ್ರ ಅದು ಹೆಂಗ ಓಡ್ತತಿ ನಾಗಮ್ಮ? ಗಾಳಿ ಹಿಂದಕ್ಕ, ಬಲೂನು ಮುಂದಕ್ಕ. ಇಲ್ಲಿ ಗಾಳಿ ಬದ್ಲು ಬೆಂಕಿ. ಆ ಬೆಂಕಿ ಕಾರೋ ಬಾಯಿನ ಒಂಚೂರು ಆಕಡಿ ಈಕಡಿ ತಿರುಗ್ಸಿದ್ರ ರಾಕೆಟ್ಟೂ ತಿರುಗ್ತತಿ. ಅದಾ ಅದರ ಸ್ಟೇರಿಂಗು."

ಇಷ್ಟು ಹೇಳಿ ಮೀಸೆಯ ಮೇಲೆ ಕೈ ಆಡಿಸಿದರು ನೋಡಿ, ತಾವೇ ಅದನ್ನು ಕಂಡುಹಿಡಿದವರ ಹಾಗೆ.

ಆ ಮೊದಲ ರಾಕೆಟ್ ಏರಿದ ದಿನ ಓಣಿಯವರು ಸಾಬರ ಫೋನಿನಲ್ಲೇ ಮುಗಿಬಿದ್ದು ನೋಡಿದರು. ನೆಲ ಬಿಟ್ಟ ಕೂಡಲೇ ಚಪ್ಪಾಳೆ ಹೊಡೆದು, ಗೆದ್ದೆವು ಎಂದುಕೊಂಡು ಎಲ್ಲರೂ ಮಿರ್ಚಿ ಮಂಡಕ್ಕಿ ತಿನ್ನಲು ಹೋದರು. ನಾನೂ ಹೋದೆ. ತಿರುಗಿ ಬಂದರೆ ಸಾಬರು ಗೋಡೆಗೊರಗಿ ಕೂತಿದ್ದರು, ಮುಖದಲ್ಲಿ ರಕ್ತವಿರಲಿಲ್ಲ. ಎರಡನೆಯ ಹಂತ ಉರಿಯುತ್ತಿರುವಾಗಲೇ ರಾಕೆಟ್ ದಾರಿ ಬಿಟ್ಟು ತಿರುಗಿತ್ತಂತೆ. ಇಡೀ ರಾಕೆಟ್ಟೇ ಸಮುದ್ರದ ಪಾಲಾಗಿತ್ತು. ಎರಡನೆಯ ಹಂತ. ಸಾಬರು ಹೊತ್ತದ್ದು.

ಅವರಿಗೆ ನೆನಪಾದದ್ದು ಒಂದೇ. ದಾರಿಯಲ್ಲಿ ಒಂದು ಊರಿನ ಹತ್ತಿರ ಎಮ್ಮೆ ಅಡ್ಡ ಬಂದು, ಅವರು ಬ್ರೇಕ್ ಹಾಕಿ, ಮುಂದಿನ ಗಾಲಿ ಹಂಪ್ಸಿನ ಮೇಲೆ ದಡಕ್ಕೆಂದು ಹತ್ತಿ ಇಳಿದಿತ್ತು. ಅವತ್ತೇ ಅದನ್ನು ಗೀತಾಂಜಲಿಗೆ ಹೇಳಿದ್ದರು. ಅವಳು ಆ ಪುಟ್ಟ ಯಂತ್ರ ನೋಡಿ, "ಇದೇನೂ ಅಲ್ರಿ ಸಾಬಣ್ಣ, ಲೆಕ್ಕಕ್ಕಿಲ್ಲ" ಎಂದಿದ್ದಳು. ರಾಕೆಟ್ ಬಿದ್ದ ಮೇಲೆ ಕಂಪನಿಯವರು ತಿಂಗಳುಗಟ್ಟಲೆ ಹುಡುಕಿ ಕಾರಣ ಕಂಡುಕೊಂಡರು. ಬೆಂಕಿ ಕಾರುವ ಬಾಯಿಯನ್ನು ತಿರುಗಿಸುವ ಕೀಲು ಬಿಗಿಯಾಗಿ ಸಿಕ್ಕಿಕೊಂಡಿತ್ತು, ಅದು ತಯಾರಿಸುವಾಗಲೇ ಆದ ತಪ್ಪು. ಗೀತಾಂಜಲಿ ಫೋನ್ ಮಾಡಿ ಹೇಳಿದಳು. ಒಂದಲ್ಲ, ಎರಡಲ್ಲ, ಎಷ್ಟೋ ಸಲ ಹೇಳಿದಳು. ಸಾಬರು ಹೂಂ ಹೂಂ ಎಂದು ಕೇಳಿ ಫೋನ್ ಇಡುತ್ತಿದ್ದರು.

"ಸಮಾಧಾನಕ್ಕ ಹೇಳ್ತಾಳ ನಾಗಮ್ಮ ಆ ಕೂಸು. ಆ ದಡಕ್ ಅನ್ನೋ ಸಪ್ಪಳ ನನ್ನ ಹೊಟ್ಟ್ಯಾಗ ಹಂಗ ಐತಿ. ಕೆಡವಿದವ ನಾನಾ."

ಮೀಸೆ ಬೆಳ್ಳಗಾಯಿತು. ಕಟ್ಟೆಗೆ ಬರುವುದು ಬಿಟ್ಟರು. ಊರ ಜನರ ಬಾಯಿ ಗೊತ್ತಲ್ಲ. "ಏನ್ ಸಾಬ್ರ, ಸಮುದ್ರದಾಗ ಲೋಡ್ ಇಳಿಸಿದ್ರಂತ?" ಎಂದು ಸಂತೆಯಲ್ಲಿ ಯಾರೋ ಚುಚ್ಚಿದ. ನಾನು ಅಲ್ಲೇ ಇದ್ದೆ. ಬದನೆಕಾಯಿ ಆರಿಸುವುದು ಬಿಟ್ಟು ಅವನ ನೀರಿಳಿಸಿದೆ. "ನಿನ್ನ ಟಂಟಂ ಗಾಡಿ ವಾರಕ್ಕೊಮ್ಮೆ ಗಟಾರಕ್ಕ ಬೀಳ್ತತಿ, ನೀನೇನು ಮಾತಾಡ್ತಿಯಲೇ?" ಎಂದೆ. ಸಂತೆಯೆಲ್ಲ ನಕ್ಕಿತು. ಸಾಬರು ಮಾತ್ರ ನಗಲಿಲ್ಲ. ಚೀಲ ಹಿಡಿದು ಸುಮ್ಮನೆ ಮನೆಗೆ ನಡೆದರು.

ಎರಡನೆಯ ರಾಕೆಟ್ಟಿಗೆ ಕಂಪನಿಯವರು ಮತ್ತೆ ಅವರನ್ನೇ ಕರೆದರು. ಸಾಬರು ಒಲ್ಲೆ ಎಂದರು. ಗೀತಾಂಜಲಿ ರಹಿಮತ್ ಬೀಗೆ ಫೋನ್ ಮಾಡಿದಳು. ಆ ಹೆಂಗಸು ಗಂಡನ ಮುಂದೆ ನಿಂತು ಒಂದೇ ಮಾತು ಹೇಳಿದ್ದನ್ನು ನಾನು ಗೋಡೆಯ ಆಚೆಯಿಂದ ಕೇಳಿದೆ. ಮನೆಯಲ್ಲಿ ಅವರು ಉರ್ದು ಆಡುವವರು, ಅಷ್ಟು ಉರ್ದು ನನಗೆ ಬರುತ್ತದೆ. ಆ ಹುಡುಗಿಗೆ ನಿಮ್ಮ ಮೇಲೆ ನಂಬಿಕೆ ಇದೆ, ನಿಮಗೇ ಇಲ್ಲ ಎಂದರೆ ಹೇಗೆ ಎಂದರು. ಸಾಬರು ಹೋದರು. ಹೋಗುವಾಗ ನಮ್ಮ ಬಾಗಿಲಲ್ಲಿ ನಿಂತು, "ಈ ಸಲಾನೂ ಬಿದ್ರ ಸ್ಟೇರಿಂಗ್ ಮುಟ್ಟಂಗಿಲ್ಲ ನಾಗಮ್ಮ. ಗಾಳಿಯಂತ್ರದ್ದೂ ಇಲ್ಲ, ಶೇಂಗಾದ್ದೂ ಇಲ್ಲ. ಮುಗೀತು" ಎಂದರು. ಹುಡುಗಾಟದ ಮಾತಾಗಿರಲಿಲ್ಲ ಅದು. ಗಾಡಿ ಬಿಟ್ಟರೆ ಆ ಮನುಷ್ಯನಲ್ಲಿ ಇನ್ನೇನು ಉಳಿಯುತ್ತದೆ ಎಂದು ನನಗೆ ಸಂಕಟವಾಯಿತು.

ಆ ಸಲ ಅವರು ಹಂಪ್ಸ್ ಕಂಡಲ್ಲೆಲ್ಲ ಇಳಿದು, ಹಲಗೆ ಹಾಸಿ, ಹಾಸಿದ್ದನ್ನು ತುಳಿದು ನೋಡಿ ದಾಟಿಸಿದರಂತೆ. ಹಿಂದೆ ನಿಂತ ವಾಹನಗಳವರು ಹಾರ್ನ್ ಹೊಡೆದು ಬೈದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇನ್ನೇನು ಸಮುದ್ರದ ಗಾಳಿ ಬರುತ್ತಿದೆ, ಕೇಂದ್ರ ಹತ್ತಿರವಾಯಿತು ಎನ್ನುವಾಗ ಒಂದು ಸಣ್ಣ ಸೇತುವೆ. ಹಿಂದಿನ ದಿನದ ಮಳೆಗೆ ಅದರ ಅಂಚಿನ ಡಾಂಬರು ಒಳಗೊಳಗೇ ಟೊಳ್ಳಾಗಿತ್ತು. ಮೇಲಿನಿಂದ ನೋಡಿದರೆ ಗೊತ್ತಾಗುವಂತಿರಲಿಲ್ಲ. ಹಿಂದಿನ ಗಾಲಿಗಳ ಸಾಲು ಕುಸಿಯಿತು. ದಡಕ್! ಹೋದ ಸಲದ್ದಕ್ಕಿಂತ ಜೋರು.

ಸಾಬರು ಎಂಜಿನ್ ಬಂದ್ ಮಾಡಿ ಕೆಳಗಿಳಿದು ರಸ್ತೆಯ ಮೇಲೇ ಕೂತುಬಿಟ್ಟರು. "ತಿರುಗಿಸಿ ಒಯ್ಯೋಣವ್ವಾ ಇದನ್ನ. ಬ್ಯಾಡ. ಬೀಳ್ತತಿ ಇದು" ಎಂದು ಗೀತಾಂಜಲಿಗೆ ಕೈ ಮುಗಿದರು. ಅವಳು ಪಕ್ಕದಲ್ಲೇ ಮಣ್ಣಿನಲ್ಲಿ ಕೂತಳು.

"ಸಾಬಣ್ಣ, ಯಂತ್ರ ನೋಡೀನಿ. ಇದೂ ಮಿತಿ ಒಳಗೈತಿ. ಆದ್ರೂ ನನ್ನ ಮಾತು ನಂಬಬ್ಯಾಡ್ರಿ. ಅಲ್ಲಿ ಹೋಗಿ ಇಂಚಿಂಚೂ ಪರೀಕ್ಷೆ ಮಾಡ್ತೀವಿ. ಒಂದು ಗೆರಿ ಬಿರುಕು ಕಂಡ್ರೂ ಹಾರ್ಸಂಗಿಲ್ಲ. ಆತೇನ್ರಿ?"

ಹಲಗೆ ಕೊಟ್ಟು ಗಾಲಿ ಮೇಲೆತ್ತಿ ಕೇಂದ್ರಕ್ಕೆ ಮುಟ್ಟಿಸಿದರು. ಪರೀಕ್ಷೆ ಮಾಡಿದರು. ಬಿರುಕು ಇರಲಿಲ್ಲ. ಮೂರೂ ಹಂತಗಳನ್ನು ಜೋಡಿಸಿ ನಿಲ್ಲಿಸಿದರು. ಸಾಬರು ಊರಿಗೆ ಬಂದರು, ಊಟ ಸೇರದೆ ಅರ್ಧ ಆದರು.

ಉಡಾವಣೆಯ ದಿನ ಬೆಳಿಗ್ಗೆ ನೋಡುತ್ತೇನೆ, ಅವರ ಅಂಗಳದ ತುಂಬ ಊರೇ ನೆರೆದಿದೆ. ಜಂಬಯ್ಯ ಎಲ್ಲಿಂದಲೋ ದೊಡ್ಡ ಟಿವಿ ತಂದು ಫೋನಿಗೆ ಜೋಡಿಸಿದ್ದ. ಬೀದಿಗೆ ಒಂದು ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ಸಾಬರ ಟ್ರೇಲರ್, ಅದರ ಮೇಲೆ ಬಿಳಿ ಕೊಳವೆ, ಕೆಳಗೆ 'ನಮ್ಮೂರ ರಾಕೆಟ್ಟಿಗೆ ಶುಭವಾಗಲಿ'. ಲಾರಿಯವರು ರಸ್ತೆಯುದ್ದಕ್ಕೂ ಗಾಡಿ ನಿಲ್ಲಿಸಿಕೊಂಡು ಹಾರ್ನಿನ ಮೇಲೆ ಕೈಯಿಟ್ಟು ಕೂತಿದ್ದರು. ಗಾಡಿಯೊಂದು ದೂರದ ದಾರಿಗೆ ಹೊರಡುವಾಗ ಹಾರ್ನ್ ಹೊಡೆದು ಕಳಿಸುವುದು ಅವರ ಪದ್ಧತಿ. ಸಾಬರು ಒಳಗಿನ ಕೋಣೆಯ ಹೊಸ್ತಿಲ ಮೇಲೆ ಟಿವಿಗೆ ಬೆನ್ನು ಹಾಕಿ ಕೂತಿದ್ದರು.

"ಈ ಕಡೆ ತಿರುಗ್ರಿ ಸಾಬಣ್ಣ" ಎಂದೆ.

"ಒಲ್ಲೆ. ನೀವು ನೋಡ್ರಿ."

"ಏನು ಮದ್ವಿ ಹೆಣ್ಣು ಆಡಿದಂಗ ಆಡ್ತೀರಿ? ತಿರುಗ್ರಿ ಅಂದ್ರ ತಿರುಗ್ರಿ!" ಎಂದು ಗದರಿದೆ. ಅತ್ತಲೂ ಅಲ್ಲದ ಇತ್ತಲೂ ಅಲ್ಲದ ಹಾಗೆ ಒಂದು ಮಗ್ಗುಲಾಗಿ ಕೂತರು. ರಹಿಮತ್ ಬೀ ಸೆರಗಿನಂಚು ಬಾಯಿಗೆ ಹಿಡಿದು ಅವರ ಪಕ್ಕ ನಿಂತರು.

ಎಣಿಕೆ ಇಳಿಯುತ್ತಾ ಬಂತು. ರಾಕೆಟ್ಟಿನ ಬುಡದಲ್ಲಿ ಬೆಂಕಿ ಕಂಡಿತು, ಹೊಗೆ ನಾಲ್ಕೂ ಕಡೆ ಹರಡಿತು, ಅದು ಒಂದು ಕ್ಷಣ ಅನುಮಾನಿಸಿದ ಹಾಗೆ ಮಾಡಿ ಎದ್ದಿತು. ಎದ್ದದ್ದೇ ಎದ್ದದ್ದು! ರಸ್ತೆಯಲ್ಲಿದ್ದ ಲಾರಿಗಳೆಲ್ಲ ಒಟ್ಟಿಗೇ ಹಾರ್ನ್ ಹೊಡೆದವು. ಕೊಟ್ಟೂರು ಅಂಥ ಸದ್ದನ್ನು ಯಾವತ್ತೂ ಕೇಳಿರಲಿಕ್ಕಿಲ್ಲ. ನನಗೆ ಮೈ ಜುಂ ಎಂದಿತು. ನಮ್ಮ ಓಣಿಯ ಮನುಷ್ಯ ಮುಟ್ಟಿ ಕಳಿಸಿದ್ದು ಅಲ್ಲಿ ಮೋಡ ಸೀಳಿಕೊಂಡು ಹೋಗುತ್ತಿದೆಯಲ್ಲ ಎಂದು ಹೆಮ್ಮೆಯಾಯಿತು.

ಈ ಸಲ ಯಾರೂ ಮಿರ್ಚಿಗೆ ಓಡಲಿಲ್ಲ. ಹಾರ್ನಿನ ಗದ್ದಲದಲ್ಲಿ ಟಿವಿಯ ಮಾತು ಒಂದಕ್ಷರ ಕೇಳುತ್ತಿರಲಿಲ್ಲ. ಕೇಳಿದ್ದರೂ ಇಂಗ್ಲಿಷು. ರಾಕೆಟ್ ಸಣ್ಣ ಚುಕ್ಕೆಯಾಗಿ ಸಮುದ್ರದ ಕಡೆಗೆ ವಾಲಿತು. ಆಮೇಲೆ ನಿಜವಾದ ಚಿತ್ರ ಹೋಗಿ, ಬಿಡಿಸಿದ ಚಿತ್ರ ಬಂತು. ಮೊದಲ ಹಂತ ಕಳಚಿದ್ದು ಯಾರ ಗಮನಕ್ಕೂ ಬರಲಿಲ್ಲ, ಅದು ನಮ್ಮದಲ್ಲವಲ್ಲ. ಆಗ ಸಾಬರು ಎದ್ದು ನಿಂತರು. ಪೂರಾ ಟಿವಿಯ ಕಡೆ ತಿರುಗಿದರು. ಎರಡೂ ಕೈ ಮುಂದೆ ಚಾಚಿ ಗಾಳಿಯಲ್ಲಿ ಸ್ಟೇರಿಂಗ್ ಹಿಡಿದ ಹಾಗೆ ಹಿಡಿದುಕೊಂಡಿದ್ದರು. ಅವರಿಗೆ ಅದು ಗೊತ್ತಿರಲಿಲ್ಲ. ಈಗ ಉರಿಯುತ್ತಿರುವುದು ಅವರು ಹೊತ್ತದ್ದು ಎಂದು ಆ ಕೈಗಳನ್ನು ನೋಡಿಯೇ ನನಗೆ ತಿಳಿಯಿತು. ಪರದೆಯ ಮೇಲೆ ರಾಕೆಟ್ ಹೋಗಬೇಕಾದ ದಾರಿಗೆ ಒಂದು ಗೆರೆ, ಹೋಗುತ್ತಿರುವ ದಾರಿಗೆ ಇನ್ನೊಂದು ಗೆರೆ. ಎರಡೂ ಒಂದರ ಮೇಲೊಂದು ಕೂತೇ ಸಾಗುತ್ತಿದ್ದವು.

ಇದ್ದಕ್ಕಿದ್ದಂತೆ ಆ ಚಿತ್ರದಲ್ಲಿ ಬಿಳಿ ಕೊಳವೆ ಮುರಿದು ಬೇರೆಯಾಯಿತು. ಉರುಳುತ್ತಾ ಉರುಳುತ್ತಾ ಕೆಳಕ್ಕೆ ಜಾರಿತು.

"ಅಯ್ಯೋ! ಬಿತ್ತಲ್ರಪಾ!" ಎಂದು ಚೀರಿದವನು ದೊಡ್ಡಬೀರಪ್ಪ. ಅಂಗಳವೆಲ್ಲ ಹೋ ಎಂದಿತು. ಹಾರ್ನುಗಳು ಒಂದೊಂದೇ ನಿಂತವು. ನಮ್ಮೂರಿಗೆ ರಾಕೆಟ್ ಎಂದರೆ ಫ್ಲೆಕ್ಸಿನಲ್ಲಿದ್ದ ಆ ಬಿಳಿ ಕೊಳವೆಯೇ, ಬೇರೆ ಏನಿದೆ ಎಂದು ಯಾರಿಗೆ ಗೊತ್ತು? ಅದೇ ಬಿದ್ದ ಮೇಲೆ ಇನ್ನೇನು ಉಳಿಯಿತು? ನಾನು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡೆ. ಹೋಯಿತು, ಈ ಮನುಷ್ಯನ ಬದುಕು ಹೋಯಿತು ಎಂದು ಅಳು ಬಂತು. ರಹಿಮತ್ ಬೀಯ ಮುಖ ನೋಡುವ ಧೈರ್ಯ ನನಗಿರಲಿಲ್ಲ.

"ಬಿತ್ತು!" ಎಂದು ಸಾಬರೂ ಕೂಗಿದರು. ಆದರೆ ಅದು ಅಳುವ ದನಿಯಲ್ಲ. "ಬಿತ್ತು ನೋಡ್ರಲೇ, ಬಿತ್ತು! ನಂದು ಬಿತ್ತು!"

ತಲೆ ಕೆಟ್ಟಿತೇನೋ ಎಂದು ಎಲ್ಲರೂ ಅವರನ್ನೇ ನೋಡಿದರು.

"ಯಾಕ ಸತ್ತ ಮನ್ಯಾಗ ಕುಂತಂಗ ಕುಂತೀರೋ? ಬೀಳಬೇಕದು! ಮದ್ದು ಪೂರಾ ಉರದು ಮುಗೀತು. ಖಾಲಿ ಕೊಳವಿ ಹೊತ್ಕೊಂಡು ಯಾಕ ಓಡಬೇಕು? ಭಾರ ಬಿಸಾಕಿದ್ರನ ಮುಂದಿಂದಕ್ಕ ವೇಗ ಬರ್ತತಿ. ಹೋದ ಸಲ ಇದು ಬಿದ್ದಿದ್ದಿಲ್ಲ, ಉರಿಯೋ ಮುಂದನ ರಾಕೆಟ್ ತಿರುಗಿ ಎಲ್ಲಾ ಕೂಡಿ ಹೋಗಿತ್ತು. ಈ ಸಲ ನಂದು ನೆಟ್ಟಗ ಉರದು, ನೆಟ್ಟಗ ಬಿದ್ದೈತಿ. ಮ್ಯಾಲಿಂದು ಇನ್ನಾ ಹೊಂಟೈತಿ, ಅಲ್ಲಿ ನೋಡ್ರಿ!"

ನೋಡಿದೆವು. ಪರದೆಯ ಮೇಲೆ ಗೆರೆ ನಿಂತಿರಲಿಲ್ಲ. ಮೂರನೆಯ ಹಂತ ಹೊತ್ತಿಕೊಂಡು ಬೆಂಕಿ ಕಾರುತ್ತಾ ಅಡ್ಡಡ್ಡ ಓಡುತ್ತಿತ್ತು. ಎತ್ತರ ತೋರಿಸುವ ಅಂಕಿ ಈಗ ಅಷ್ಟೇನೂ ಏರುತ್ತಿರಲಿಲ್ಲ, ವೇಗದ ಅಂಕಿ ಮಾತ್ರ ಹುಚ್ಚು ಹಿಡಿದ ಹಾಗೆ ಏರುತ್ತಿತ್ತು. ಅಡ್ಡ ಓಡುವುದೇ ದೊಡ್ಡ ಕೆಲಸ ಎಂದು ಕಟ್ಟೆಯ ಮೇಲೆ ಹೇಳಿದ್ದು ನನಗೆ ಆಗ ಅರ್ಥವಾಯಿತು. ಲಾರಿಯವರು ಇಳಿದು ಬಂದು ಕಾಂಪೌಂಡಿನ ಮೇಲೆ ಸಾಲಾಗಿ ಕೂತರು. ಜಂಬಯ್ಯ ಟಿವಿಗೆ ನೆರಳು ಬರಲೆಂದು ಕಂಬಳಿ ಎತ್ತಿ ಹಿಡಿದವನು ಕೈ ಸೋತರೂ ಇಳಿಸಲಿಲ್ಲ.

ಬೆಂಕಿ ಆರಿತು. ಅದೂ ಸರಿಯೇ ಎಂದು ಸಾಬರು ಕೈಸನ್ನೆ ಮಾಡಿದರು. ಸ್ವಲ್ಪ ಹೊತ್ತು ಸುಮ್ಮನೆ ತೇಲಿ, ಇನ್ನೊಮ್ಮೆ ಹೊತ್ತಿ ಆರಿತು. ಆಮೇಲೆ ಅದರ ಮೂತಿಯಿಂದ ಚಿಕ್ಕ ಪೆಟ್ಟಿಗೆಯಂಥದ್ದು ಮೆಲ್ಲಗೆ ಕಳಚಿಕೊಂಡು ಮುಂದೆ ಸರಿಯಿತು. ಅದೇ ಉಪಗ್ರಹ. ಟಿವಿಯಲ್ಲಿ ಆ ಕೋಣೆ ತೋರಿಸಿದರು. ದೊಡ್ಡ ದೊಡ್ಡ ಓದಿದವರು ಕುರ್ಚಿ ಬಿಟ್ಟೆದ್ದು ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿಯುತ್ತಿದ್ದರು. ಆ ಗುಂಪಿನಲ್ಲಿ ಹೊಳಲಿನ ಗೀತಾಂಜಲಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು.

ಆಗ ನಮ್ಮ ಅಂಗಳ ಎದ್ದಿತು ನೋಡಿ! ದೊಡ್ಡಬೀರಪ್ಪ ಸಾಬರನ್ನು ಎತ್ತಿಯೇ ಬಿಟ್ಟ. "ಬಿಡಲೇ, ಸೊಂಟ ಹಿಡಿತತಿ!" ಎಂದು ಸಾಬರು ಬೈದರೂ ಬಿಡಲಿಲ್ಲ. ರಹಿಮತ್ ಬೀ ನನ್ನ ಕುತ್ತಿಗೆಗೆ ಬಿದ್ದು ಅತ್ತರು, ನಾನೂ ಅತ್ತೆ. ಯಾಕೆ ಅಳಬಾರದು? ಹರಪನಹಳ್ಳಿಯ ಗುಡ್ಡಕ್ಕೆ ಗಾಳಿಯಂತ್ರ ಹತ್ತಿಸಿದ ಕೈ ಇವತ್ತು ಭೂಮಿಯ ಸುತ್ತ ತಿರುಗುವ ಒಂದು ವಸ್ತುವಿಗೂ ತಗಲಿದೆ. ಅದು ನಮ್ಮ ತಲೆಯ ಮೇಲೂ ಹಾದುಹೋಗುತ್ತದೆ. ಇದಕ್ಕೆ ಭಾಗ್ಯ ಎಂದು ಬರೆದ ಆ ಪೇಪರಿನವನು ಇನ್ನೊಮ್ಮೆ ನನ್ನ ಕೈಗೆ ಸಿಗಲಿ.

ಗದ್ದಲ ಇನ್ನೂ ಇಳಿದಿರಲಿಲ್ಲ, ಫೋನ್ ಬಂತು. ಗೀತಾಂಜಲಿ. ಜಂಬಯ್ಯ ಎಲ್ಲರಿಗೂ ಕೇಳಲೆಂದು ದನಿ ಜೋರು ಮಾಡಿಟ್ಟ. "ಸಾಬಣ್ಣಾ, ನೋಡಿದ್ರೇನ್ರಿ? ಮುಟ್ಟಿತ್ರಿ! ಸುತ್ತಾಕತೈತ್ರಿ!" ಎಂದು ಅವಳು ಒಂದೇ ಉಸಿರಿಗೆ ಹೇಳಿದಳು. ಹಿಂದಿನಿಂದ ಚಪ್ಪಾಳೆಯ ಸದ್ದು ಕೇಳುತ್ತಿತ್ತು. ಸಾಬರು ಫೋನನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

"ಅವ್ವಾ," ಎಂದರು, "ಈ ಸಲದ್ದು ಅಷ್ಟು ಜೋರು ಬಡದಿದ್ರೂ ಏರಿತಲ್ಲ. ಹಂಗಾದ್ರ ಹೋದ ಸಲದ್ದು... ನಾ ಕೆಡವಿದ್ದಲ್ಲಲ್ಲ?"

ಅತ್ತ ಕಡೆ ಚಪ್ಪಾಳೆಯ ಸದ್ದು ದೂರವಾಯಿತು, ಆ ಹುಡುಗಿ ಕೋಣೆಯಿಂದ ಹೊರಗೆ ಬಂದಿರಬೇಕು.

"ಅಲ್ರಿ ಸಾಬಣ್ಣ. ಕೆಡಿಸಿದ್ದು ನಾವು. ನೀವು ಎರಡು ಸಲಾನೂ ನೆಟ್ಟಗ ತಂದು ಕೊಟ್ಟೀರಿ."

ಸಾಬರು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು, ಊರೆಲ್ಲ ನೋಡುತ್ತಿದೆ ಎನ್ನುವ ಪರಿವೆಯಿಲ್ಲದೆ ಬಿಕ್ಕಿ ಬಿಕ್ಕಿ ಅತ್ತರು. ಯಾರೂ ತಡೆಯಲಿಲ್ಲ. ಅತ್ತು ಮುಗಿಸಿ, ತೋಳಿನಿಂದ ಮುಖ ಒರೆಸಿಕೊಂಡು, ಫೋನನ್ನು ಮತ್ತೆ ಕಿವಿಗಿಟ್ಟುಕೊಂಡರು.

"ಮೂರನೇದ್ದು ಯಾವಾಗ ತಯಾರಾಗ್ತತವ್ವಾ?" ಎಂದು ಕೇಳಿದರು.